ಅಪ್ಪನ ಕಾಲಿನ ಅಳತೆ ಕಳಿಸು

ಡೇಗು, ದಕ್ಷಿಣ ಕೊರಿಯಾ
28 ಮಾರ್ಚ್ 2024

ಅಮ್ಮಾ,

ನಮಸ್ಕಾರ. ನಾನು ಕ್ಷೇಮ. ನಿನ್ನ ಕಾಗದ ಮೊನ್ನೆ ಕೈಸೇರಿತು. ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ ಅಂತ ಫೋನಿನಲ್ಲಿ ಏನೂ ಹೇಳದೆ, ಕಾಲಿನ ಗಾಯದ ವಿಷಯ ಅಂಚೆಗೆ ಹಾಕಿದ್ದೀಯಲ್ಲ! ರಘುಗೆ ಆಗಲೇ ಫೋನ್ ಮಾಡಿ ಬೈದಿದ್ದೇನೆ. ಅವನ ಮೇಲೆ ಸಿಟ್ಟು ಮಾಡ್ಕೋಬೇಡ.

ಕಾಗದ ಓದಿ ಕ್ಲಾಸಿಗೆ ಹೋದರೆ ಅವತ್ತು ಕೈ, ಕಾಲು ಮುಟ್ಟಿ ಹೇಳೋ ಆಟ. ಮೂರನೇ ಕ್ಲಾಸು. ಇಲ್ಲಿ ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗೋದೇ ಆಗ. ವಾರಕ್ಕೆ 2 ಪೀರಿಯಡ್, ಒಂದೊಂದು 40 ನಿಮಿಷ. ನಾನು 'ಫುಟ್' ಅಂದರೆ ಇಡೀ ಕ್ಲಾಸು 'ಪುಟ್' ಅನ್ನುತ್ತದೆ. ಅವರ ಭಾಷೆಯಲ್ಲಿ ಆ ಸದ್ದೇ ಇಲ್ಲ. ಸುಬ್ಬಣ್ಣ ಮಾವ 'ಪೋನು' ಅನ್ನಲ್ವಾ, ಹಾಗೇ. ಬಸ್ ಅನ್ನೋದಕ್ಕೂ ಕೊನೆಯಲ್ಲಿ ಒಂದು ಉಕಾರ ಎಳೆದು 'ಬಸು' ಮಾಡುತ್ತಾರೆ. ನಮ್ಮ ಬಸ್ಸು, ಕಾರಿಗೆ ಆದದ್ದೂ ಅದೇ ಅಲ್ವಾ? ಜೊತೆಗಿರೋ ಕೊರಿಯನ್ ಟೀಚರ್ ತಿದ್ದು ಅಂತಾರೆ. ತಿದ್ದುವಾಗ ನನಗೇ ನಗು.

ಇಂಗ್ಲಿಷ್ ಕಲಿಸೋಕೆ ಅವರಿಗೆ ನೀನೇ ಬೇಕಿತ್ತಾ ಅಂತ ಮಾವ ಕೇಳಿದರಂತೆ. ಹೇಳು, 2010ರಿಂದ ಜಾರಿಯಲ್ಲಿರೋ ಭಾರತ-ಕೊರಿಯಾ ಒಪ್ಪಂದದಲ್ಲೇ ನಮ್ಮಂಥ ಸಹಾಯಕ ಟೀಚರುಗಳಿಗೆ ಜಾಗ ಇದೆ ಅಂತ. ಸುಮ್ನೆ ಬಂದು ಕೂತಿಲ್ಲ.

ತಪ್ಪು ಮಾಡಿಲ್ಲ ಅಂತೇನಲ್ಲ. ಮೊದಲ ವಾರ ಮಕ್ಕಳ ಹೆಸರಿನ ಚೀಟಿಗಳನ್ನೆಲ್ಲ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿಟ್ಟೆ. ಟೀಚರ್ ಮುಖ ಬಿಳುಚಿತು. ಇಲ್ಲಿ ಕೆಂಪಲ್ಲಿ ಹೆಸರು ಬರೆದರೆ ಸಾವಿನ ಅಪಶಕುನವಂತೆ. 24 ಚೀಟಿ ಮತ್ತೆ ಬರೆದೆ, ನೀಲಿಯಲ್ಲಿ.

ಅಮ್ಮಾ, ಗಾಯ ನೋಯುತ್ತಿಲ್ಲ, ಹಾಗಾಗಿ ಚಿಂತೆ ಬೇಡ ಅಂತ ಅಪ್ಪ ಅಂದರು ಅಂತ ಬರೆದಿದ್ದೀಯ. ನನಗೆ ಭಯ ಅದೇ. ಸಕ್ಕರೆ ಕಾಯಿಲೆಯವರಿಗೆ ಪಾದದ ನರ ಜೋಮು ಹಿಡಿದಿರುತ್ತೆ, ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ. ಕಾಫಿ ಪುಡಿ, ಅರಿಶಿನ ಏನೂ ಮೆತ್ತಬೇಡ. ಶನಿವಾರವೇ ರಘು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಲಿ. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳೋ ಟೆಸ್ಟೂ ಮಾಡಿಸಲಿ. ಅಡಿಕೆ ತೋಟಕ್ಕೆ ಬರಿಗಾಲಲ್ಲಿ ಕಾಲಿಡಕೂಡದು, ಮಗಳು ಆಣೆ ಹಾಕಿದ್ದಾಳೆ ಅಂತ ಹೇಳು. ದುಡ್ಡು ನಾಳೆ ರಘು ಖಾತೆಗೆ ಹಾಕುತ್ತೇನೆ. ನನ್ನ ಹತ್ತಿರ ಬೇಕಾದಷ್ಟಿದೆ, ನಿಜವಾಗಿ. ಊಟಕ್ಕೂ ತೊಂದರೆ ಇಲ್ಲ. ಶಾಲೆಯ ಊಟದಲ್ಲಿ ಮೀನು, ಮಾಂಸ ಬಿಟ್ಟು ಅನ್ನ, ಪಲ್ಯ ತಿನ್ನುತ್ತೇನೆ. ದಪ್ಪ ಆಗಿದ್ದೇನೆ. ಚಳಿಯೂ ಇಲ್ಲ, ನೆಲವೇ ಬೆಚ್ಚಗಿರುತ್ತೆ.

ಇನ್ನೊಂದು. ಇಲ್ಲಿನ ಮಕ್ಕಳೂ ತಂದೆಗೆ 'ಅಪ್ಪ' ಅಂತಲೇ ಅನ್ನುತ್ತಾರೆ. ನಿನ್ನೆ ಒಬ್ಬಳು ಮನೆಯವರ ಚಿತ್ರ ಬರೆದು, 'ಟೀಚರ್, ಅಪ್ಪ' ಅಂತ ಬೆರಳಿಟ್ಟು ತೋರಿಸಿದಳು. ಅವಳಪ್ಪನಿಗೆ ಬಲು ದೊಡ್ಡ ಪಾದ ಬರೆದಿದ್ದಳು. ನಾನು ಬೋರ್ಡ್ ಒರೆಸೋಕೆ ತಿರುಗಿದೆ.

ಶಾಲೆಯ ಒಳಗೆ ಎಲ್ಲರೂ ಬೇರೆ ಚಪ್ಪಲಿ ಹಾಕಬೇಕು. ಮೆತ್ತಗಿರುತ್ತೆ, ಬೆರಳು ಮುಚ್ಚುತ್ತೆ. ಅಪ್ಪನಿಗೆ ಮನೆಯೊಳಗೆ ಹಾಕೋಕೆ ಒಂದು ಜೊತೆ ಕೊಳ್ಳಬೇಕು. ಇಲ್ಲಿ ಅಳತೆ ಮಿಲಿಮೀಟರಿನಲ್ಲಿ. ಅಪ್ಪ ನಿದ್ದೆಯಲ್ಲಿದ್ದಾಗಲಾದರೂ ಸರಿ, ಗಾಯ ಇಲ್ಲದ ಪಾದಕ್ಕೆ ಕಾಗದ ಹಿಡಿದು ಪೆನ್ಸಿಲ್ಲಿನಲ್ಲಿ ಗೆರೆ ಎಳಿ. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿವರೆಗೆ ರಘು ಸ್ಕೇಲಿನಲ್ಲಿ ಅಳೆದು ಮೆಸೇಜ್ ಮಾಡಲಿ.

ಬೆಲ್ ಆಯಿತು, ಮಕ್ಕಳು ಬಾಗಿಲಲ್ಲಿ ನಿಂತಿದ್ದಾರೆ. ಅಜ್ಜಿಗೆ, ಶಾರದತ್ತೆಗೆ ನೆನಪು ಹೇಳು. ಶನಿವಾರ ಮರೀಬೇಡ.

ನಿನ್ನ,
ಸುಮಾ