ಹುಣ್ಣಿಮೆಯ ತಪ್ಪು ಆ ಚಿತ್ರದ್ದಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರದ ಲೋಪದೋಷಗಳ ಕುರಿತು ಬಂದ ಲೇಖನವನ್ನು ಓದಿದೆ. ಹುಣ್ಣಿಮೆಯ ರಾತ್ರಿ ಮಾತ್ರ ತೋಳನಾಗಬೇಕಾದ ಕಥಾನಾಯಕ ಲ್ಯಾರಿ ಟಾಲ್ಬಟ್ ಒಂದರ ಹಿಂದೊಂದು ರಾತ್ರಿ ತೋಳನಾಗುವುದು ದೊಡ್ಡ ಪ್ರಮಾದವೆಂದು ಲೇಖಕರು ಎಣಿಸಿದ್ದಾರೆ. ಈ ಆಕ್ಷೇಪ ಸರಿಯಲ್ಲ.

ಆ ಚಿತ್ರದಲ್ಲಿ ಹುಣ್ಣಿಮೆಯ ಕಟ್ಟಳೆಯೇ ಇಲ್ಲ. ಚಿತ್ರಕಥೆಗಾರ ಕರ್ಟ್ ಸಿಯೋಡ್ಮಾಕ್ ತಾವೇ ಕಟ್ಟಿ ಪಾತ್ರಗಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುವ ಪದ್ಯದಲ್ಲಿ, ನಮ್ಮ ವತ್ಸನಾಭಿಯ ಜಾತಿಗೆ ಸೇರಿದ ವಿಷದ ಗಿಡ ಹೂಬಿಡುವ ಕಾಲ ಮತ್ತು ಶರತ್ಕಾಲದ ಬೆಳದಿಂಗಳ ಮಾತು ಬರುತ್ತದೆಯೇ ಹೊರತು ಪೂರ್ಣಚಂದ್ರನ ಮಾತಿಲ್ಲ. 1943ರ ‘ಫ್ರಾಂಕೆನ್‌ಸ್ಟೈನ್ ಮೀಟ್ಸ್ ದಿ ವುಲ್ಫ್ ಮ್ಯಾನ್’ ಚಿತ್ರಕ್ಕೆ ಆ ಸಾಲನ್ನು ತಿದ್ದಿ ತುಂಬು ಚಂದ್ರನನ್ನು ತಂದರು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನಗಳ ಅಂತರವಿರುವುದರಿಂದ, ಎರಡು ವರ್ಷದ ನಂತರ ಹುಟ್ಟಿದ ನಿಯಮವನ್ನು ಹಿಂದಿನ ಚಿತ್ರದ ಮೇಲೆ ಹೇರಿದರೆ ಅದು ತಪ್ಪಾಗಿಯೇ ಕಾಣುತ್ತದೆ.

ನಿಜವಾದ ಅಚಾತುರ್ಯ ಬೇರೆಯೇ ಇದೆ. ಮೊದಲ ಬಾರಿ ರೂಪ ಬದಲಾಗುವಾಗ ಲ್ಯಾರಿ ಗಾಬರಿಯಿಂದ ಅಂಗಿ ಕಳಚಿ, ಬನಿಯನ್ನಿನಲ್ಲಿ ಕುರ್ಚಿಯ ಮೇಲೆ ಕುಳಿತು ಶೂ, ಕಾಲುಚೀಲ ತೆಗೆಯುತ್ತಾನೆ. ಕ್ಯಾಮೆರಾ ಮುಖವನ್ನು ಬಿಟ್ಟು, ಕಾಲುಗಳಲ್ಲಿ ಕೂದಲು ಬೆಳೆಯುವುದನ್ನಷ್ಟೇ ತೋರಿಸುತ್ತದೆ. ಮಂಜು ಕವಿದ ಕಾಡಿನಲ್ಲಿ ಮರುಕ್ಷಣ ಕಾಣುವ ತೋಳಮಾನವ ಮಾತ್ರ ಕೊರಳವರೆಗೆ ಗುಂಡಿ ಹಾಕಿದ ಕಡುಬಣ್ಣದ ಅಂಗಿಯಲ್ಲಿದ್ದಾನೆ! ಪ್ರಸಾಧನ ಕಲಾವಿದ ಜಾಕ್ ಪಿಯರ್ಸ್ ಚಮರೀಮೃಗದ ಕೂದಲನ್ನು ಎಳೆಎಳೆಯಾಗಿ ಅಂಟಿಸಿ ಮಾಡುತ್ತಿದ್ದ ಆ ಪ್ರಸಾಧನವನ್ನು ಮೈತುಂಬ ಮಾಡುವುದು ತಪ್ಪಲೆಂದೇ ಅಂಗಿ ತೊಡಿಸಿರಬೇಕು ಎಂಬುದು ನನ್ನ ಊಹೆ.

ಇನ್ನೊಂದು ಅಸಂಗತಿಯನ್ನು ಲೇಖಕರು ಗಮನಿಸಿದಂತಿಲ್ಲ. ನಟ ಬೇಲಾ ಲುಗೋಸಿಯ ಪಾತ್ರ ತೋಳನಾದಾಗ ನಾಲ್ಕು ಕಾಲಿನ ಪ್ರಾಣಿಯೇ ಆಗುತ್ತದೆ. ಅವನಿಂದ ಕಚ್ಚಿಸಿಕೊಂಡ ಲ್ಯಾರಿಯಾದರೋ ಎರಡು ಕಾಲಿನ ಮೇಲೆ, ಪ್ಯಾಂಟು ತೊಟ್ಟು ನಡೆಯುತ್ತಾನೆ. ಒಂದೇ ಶಾಪಕ್ಕೆ ಎರಡು ರೂಪವೇಕೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಆ ನಾಲ್ಕು ಕಾಲಿನ ಪ್ರಾಣಿಯೂ ಜರ್ಮನ್ ಶೆಫರ್ಡ್ ನಾಯಿ. ಕಡೂರಿನ ಕಾವಲುಗಳ ಅಂಚಿನಲ್ಲಿ ನೀಳ ಕಾಲಿನ, ಬಡಕಲು ಮೈಯ, ಒಣಹುಲ್ಲಿನ ಬಣ್ಣದ ತೋಳವನ್ನು ಕಂಡ ನನಗೆ ಇದು ಒಡನೆಯೇ ತಿಳಿಯಿತು.

ಇಷ್ಟೆಲ್ಲ ಇದ್ದರೂ ನಾನು ಮತ್ತೆ ಮತ್ತೆ ನೋಡುವ ಚಿತ್ರವಿದು. ಅದು ಮಾಡದ ತಪ್ಪು ಅದರ ತಲೆಗೆ ಬರಬಾರದು. ಹುಣ್ಣಿಮೆಯ ವಿಷಯಕ್ಕೆ ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕ, ಕಡೂರು,
ಚಿಕ್ಕಮಗಳೂರು ಜಿಲ್ಲೆ