ಕೀ ಅಂದ ತಕ್ಷಣ ಐಸಿ ಹೋಯ್ತು ಅನ್ಬೇಡಿ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪೇಪರ್‌ನ ಪ್ರಶ್ನೋತ್ತರದಲ್ಲಿ ಒಬ್ರು, ನಮ್ಮನೆ ಚಾರ್ಜಿಂಗ್ ಬೋರ್ಡು ರಾತ್ರಿ ಹೊತ್ತು ಕೀ ಅಂತ ಸದ್ದು ಮಾಡುತ್ತೆ ಏನ್ ಮಾಡ್ಲಿ ಅಂತ ಕೇಳಿದ್ರು, ಅದಕ್ಕೆ ಬಂದ ಉತ್ತರ ಒಂದೇ ಸಾಲು, ಐಸಿ (ಬೋರ್ಡನ್ನ ನಡೆಸೋ ಚಿಪ್) ಹಾಳಾಗಿದೆ ಬದಲಿಸಿ ಅಂತ. 20 ವರ್ಷದಿಂದ ದಾವಣಗೆರೇಲಿ ಅಶೋಕ ರೋಡ್ ಕಡೆ ರಿಪೇರಿ ಮಾಡ್ಕೊಂಡಿರೋ ನನಗೆ ಇದನ್ನ ಓದಿ ಸುಮ್ನಿರೋಕೆ ಆಗ್ಲಿಲ್ಲ ಸರ್.

ನಮ್ಮನೇಲೂ ಇದೇ ಕಥೆ ಆಗಿತ್ತು. ಡಿಪ್ಲೊಮಾ ಓದ್ತಿರೋ ನಮ್ಮಕ್ಕನ ಮಗ, ಕರೆಂಟ್ ಹೋದಾಗ ಮೊಬೈಲ್ ಚಾರ್ಜ್ ಮಾಡ್ಕೊಳ್ಳೋಕೆ 12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟಿಗೆ ಇಳಿಸೋ ಬೋರ್ಡ್ ಒಂದನ್ನ ಮಾಡಿಕೊಟ್ಟಿದ್ದ. ಹಗಲೆಲ್ಲ ಚೆನ್ನಾಗಿತ್ತು. ರಾತ್ರಿ ಮೊಬೈಲ್ ಫುಲ್ ಆಗ್ತಿದ್ದಂಗೆ ಜೀರುಂಡೆ ಥರ ಶುರು. ಮಿಲ್ ಸೈರನ್ ಕೇಳ್ಕೊಂಡೇ ಬೆಳೆದ ನಮ್ಮವ್ವ, ಇದೊಂದ್ ಸದ್ದಿಗೆ ನಿದ್ದೆ ಬರ್ತಿಲ್ಲ ಕಣೋ ಅಂತ ಎದ್ದು ಕೂತ್ಕೊಂಡ್ರು. ಹುಡುಗ ಆಗ್ಲೇ ಒಂದು ಐಸಿ ಬದಲಿಸಿ ಆಗಿತ್ತು, ಸದ್ದು ಹಂಗೇ ಇತ್ತು.

ನನಗೆ ಮೊದಲ ಸುಳಿವು ಸಿಕ್ಕಿದ್ದೇ ಅವ್ವನಿಂದ. ಆ ಐಸಿ ಸೆಕೆಂಡಿಗೆ 5 ಲಕ್ಷ ಸಲ ಆನ್ ಆಫ್ ಆಗುತ್ತೆ, ಅಂದ್ರೆ 500 ಕಿಲೋಹರ್ಟ್ಸ್. ಮನುಷ್ಯನ ಕಿವಿಗೆ ಕೇಳೋದು ಜಾಸ್ತಿ ಅಂದ್ರೆ 20 ಕಿಲೋಹರ್ಟ್ಸ್, ಅದೂ ಎಳೇ ವಯಸ್ಸಿನವರಿಗೆ, ವಯಸ್ಸಾದಂಗೆಲ್ಲ ಮೇಲಿನದ್ದೇ ಮೊದಲು ಹೋಗೋದು. ಹಂಗಿದ್ಮೇಲೆ 70 ದಾಟಿದ ಅವ್ವನಿಗೂ ಕೇಳ್ತಿದೆ ಅಂದ್ರೆ ಸದ್ದು ಆ 20 ಕಿಲೋಹರ್ಟ್ಸ್‌ಗಿಂತ ಎಲ್ಲೋ ಕೆಳಗೇ ಇದೆ. ವೋಲ್ಟೇಜಿನ ಅಲೆ ತೋರಿಸೋ ಸ್ಕೋಪ್ ಹಾಕಿ ನೋಡಿದ್ರೆ ಹಂಗೇ ಇತ್ತು, ಆ ಆನ್ ಆಫ್ ಪಲ್ಸ್‌ಗಳು ಒಂದೇ ಸಮ ಬರ್ತಿರ್ಲಿಲ್ಲ, ಗುಂಪುಗುಂಪಾಗಿ ಬರ್ತಿದ್ವು, ಒಂದು ಗುಂಪಿಗೂ ಮುಂದಿನ ಗುಂಪಿಗೂ 0.33 ಮಿಲಿಸೆಕೆಂಡ್, ಅಂದ್ರೆ ಸೆಕೆಂಡಿಗೆ ಸುಮಾರು 3000 ಸಲ.

ಇದು ಐಸಿ ಕೆಟ್ಟಿದ್ದಲ್ಲ ನೋಡ್ರಿ, ಅದು ಮಾಡ್ಬೇಕಾದ ಕೆಲಸಾನೇ. ಲೋಡ್, ಅಂದ್ರೆ ಮೊಬೈಲ್ ಎಳೆಯೋ ಕರೆಂಟು, ಕಮ್ಮಿಯಾದಾಗ ಬ್ಯಾಟರಿ ಉಳಿಸೋಕೆ ಅದು ನಾಲ್ಕು ಪಲ್ಸ್ ಕೊಟ್ಟು ಮಲಗುತ್ತೆ, ವೋಲ್ಟೇಜ್ ಚೂರು ಇಳೀತಿದ್ದಂಗೆ ಎದ್ದು ಇನ್ನೊಂದು ನಾಲ್ಕು ಕೊಡುತ್ತೆ. ಈ ಮಲಗೋದು ಏಳೋದು ಕಿವಿಗೆ ಕೇಳೋ ಲೆಕ್ಕಕ್ಕೆ ಬಂದ್ರೆ ಕೀ ಅನ್ನುತ್ತೆ. ಇದನ್ನ ಖಾತ್ರಿ ಮಾಡ್ಕೊಳ್ಳೋಕೆ ಔಟ್‌ಪುಟ್‌ಗೆ 47 ಓಮ್‌ನ 1 ವಾಟ್ ರೆಸಿಸ್ಟರ್ ಒಂದನ್ನ ಹಿಡಿದೆ, ಸುಮಾರು 100 ಮಿಲಿಆಂಪ್ ಎಳೆಯುತ್ತೆ, ಸದ್ದು ಟಕ್ ಅಂತ ನಿಂತ್ಹೋಯ್ತು. ಆದ್ರೆ ಅದನ್ನ ಅಲ್ಲೇ ಬಿಟ್ಬಿಡೋಕೆ ಆಗಲ್ಲ, ಅರ್ಧ ವಾಟ್ ಸುಮ್ನೆ ಬಿಸಿಯಾಗಿ ಹೋಗುತ್ತೆ, 12 ವೋಲ್ಟ್ 7 ಆಂಪ್‌ಅವರ್ ಬ್ಯಾಟರಿ ಒಂದು ವಾರಕ್ಕೇ ಮಲಗುತ್ತೆ.

ಇನ್ನು ಹಾಡ್ತಿರೋದು ಯಾರು ಅಂತ ಹುಡುಕ್ಬೇಕಲ್ಲ. ಐಸಿ ಬರೀ ತಾಳ ಹಾಕೋದು, ದನಿ ಬರೋದು ತಂತಿ ಸುತ್ತಿದ ಕಾಯಿಲ್‌ನಿಂದ ಇಲ್ಲಾ ಚೂರು ಚಾರ್ಜ್ ಹಿಡಿದಿಟ್ಕೊಳ್ಳೋ ಸೆರಾಮಿಕ್ ಕೆಪಾಸಿಟರ್‌ನಿಂದ. ನಿಮ್ಮ ಪೇಪರ್‌ದೇ ಒಂದು ಹಾಳೇನ ಸುರುಳಿ ಸುತ್ತಿ ಕೊಳವೆ ಮಾಡಿ (ಬೇಜಾರ್ ಮಾಡ್ಕೋಬೇಡಿ, ಓದಿ ಆಗಿತ್ತು) ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದೀನ ಬೋರ್ಡ್ ಮೇಲೆ ಮೆಲ್ಲಗೆ ಓಡಿಸ್ದೆ. ಕಾಯಿಲ್ ಹತ್ರ ಸಣ್ಣಗಿತ್ತು, ಔಟ್‌ಪುಟ್ ಕೆಪಾಸಿಟರ್ ಹತ್ರ ಬಂದಾಗ ಜೋರಾಯ್ತು. ಉರಿದುಳಿದ ಊದುಬತ್ತಿ ಕಡ್ಡೀಲಿ ಅದರ ತಲೆ ಒತ್ತಿದ್ರೆ ಶ್ರುತಿನೇ ಬದಲಾಯ್ತು. ಸಿಕ್ಕಿಬಿತ್ತು. ಆ ಕೆಪಾಸಿಟರ್ ಒಳಗಿರೋದು ಬೇರಿಯಮ್ ಟೈಟನೇಟ್, ವೋಲ್ಟೇಜ್ ಏರಿಳಿದಂಗೆ ಅದೂ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತೆ ಕುಗ್ಗುತ್ತೆ. ಅದೊಂದೇ ಆಗಿದ್ರೆ ಯಾರಿಗೂ ಕೇಳ್ತಿರ್ಲಿಲ್ಲ, ಎರಡೂ ತುದಿ ಬೋರ್ಡಿಗೆ ಬೆಸುಗೆ ಆಗಿರೋದ್ರಿಂದ ಬೋರ್ಡನ್ನೇ ಎಳೆದಾಡುತ್ತೆ, ಬೋರ್ಡು ತಮಟೆ ಚರ್ಮದ ಥರ ಬಡ್ಕೊಳ್ಳುತ್ತೆ. ಎಕ್ಸ್5ಆರ್, ಎಕ್ಸ್7ಆರ್ ಅಂತ ಹೆಸರಲ್ಲಿ ಬರೋ ಸೆರಾಮಿಕ್ ಕೆಪಾಸಿಟರ್‌ಗಳೆಲ್ಲ ಈ ಜಾತೀವೇ.

ದೊಡ್ಡ ಸೆರಾಮಿಕ್ ತೆಗೆದು ಹಿಂಗೆ ಹಿಗ್ಗಿ ಕುಗ್ಗದ ಪಾಲಿಮರ್ ಕೆಪಾಸಿಟರ್ ಹಾಕಿದ್ವಿ, ಐಸಿ ಪಕ್ಕದ ಸಣ್ಣದನ್ನ ಹಂಗೇ ಬಿಟ್ವಿ. ಹಾಕೋ ಮುಂಚೆ ಆ ಐಸಿಗೆ ಎಂಥ ಕೆಪಾಸಿಟರ್ ಒಗ್ಗುತ್ತೆ ಅಂತ ಡೇಟಾಶೀಟ್ (ಕಂಪನಿಯವರು ಕೊಡೋ ಮಾಹಿತಿ ಹಾಳೆ) ನೋಡ್ಲೇಬೇಕು, ಇಲ್ಲಾಂದ್ರೆ ವೋಲ್ಟೇಜೇ ನಿಲ್ಲದೆ ತೂಗಾಡೋಕೆ ಶುರುವಾಗಿ ಇನ್ನೊಂದು ಸದ್ದು ಹುಟ್ಟುತ್ತೆ. ಕೆಲವು ಐಸಿಗಳಲ್ಲಿ ಮೋಡ್ ಅಂತ ಒಂದು ಪಿನ್ ಇರುತ್ತೆ, ಅದನ್ನ ಡೇಟಾಶೀಟ್ ಹೇಳಿದಂಗೆ ಕಟ್ಟಿದ್ರೆ ಮಲಗೋದೇ ಬಿಡುತ್ತೆ, ಸದ್ದೂ ನಿಲ್ಲುತ್ತೆ, ಆದ್ರೆ ಬ್ಯಾಟರಿ ಮೇಲೆ ಕೆಲಸ ಮಾಡೋ ಬೋರ್ಡಿಗೆ ಅದು ದುಬಾರಿ, ಬ್ಯಾಟರಿ ಬೇಗ ಖಾಲಿಯಾಗುತ್ತೆ, ಅದಕ್ಕೇ ನಾವು ಆ ದಾರಿ ಹಿಡೀಲಿಲ್ಲ. ಕಾಯಿಲ್ ಸುತ್ತು ಸಡಿಲ ಇದ್ದಿದ್ರೆ ಒಂದು ಹನಿ ವಾರ್ನಿಶ್ ಸಾಕಿತ್ತು.

ನಿಮ್ಮ ಅಂಕಣದವರು ಬದಲಿಸಿ ಅನ್ನೋ ಮುಂಚೆ, ಲೋಡ್ ಹಾಕಿದ್ರೆ ಸದ್ದು ನಿಲ್ಲುತ್ತಾ ಅಂತ ಒಂದ್ಮಾತು ಕೇಳಿದ್ರೆ ಸಾಕಿತ್ತು. ಇನ್ನೊಂದು ವಿಷಯ, ಇದೆಲ್ಲ 12 ವೋಲ್ಟ್ ಬೋರ್ಡಿನ ಮಾತು. ಗೋಡೆಗೆ ಸಿಗಿಸೋ ಅಡಾಪ್ಟರ್ ಬೇರೆ, ಅದರೊಳಗೆ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರಬಹುದು. ಅದು ಟಿಕ್ ಟಿಕ್ ಅಂತಿದ್ರೆ, ಸುಟ್ಟ ವಾಸನೆ ಬಂದ್ರೆ, ಮನೇಲಿ ಬಿಚ್ಚಬೇಡಿ, ಉಪಯೋಗಿಸೋದು ನಿಲ್ಲಿಸಿ ಅಂತ ಮುಂದಿನ ವಾರ ಒಂದು ಸಾಲಾದ್ರೂ ಹಾಕಿ ಸರ್, ಯಾಕಂದ್ರೆ ಉತ್ತರ ಓದ್ಕೊಂಡು ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತೋರು ಆಗ್ಲೇ ಇಬ್ರು ನಮ್ಮಂಗಡಿಗೆ ಬಂದು ಹೋದ್ರು.

ಇಂತಿ,
ಒಬ್ಬ ರಿಪೇರಿ ಅಂಗಡಿಯವ, ದಾವಣಗೆರೆ