ನವೆಂಬರ್ ಇನ್ನೂ ದೂರವಿದೆ, ಪ್ರಣವ

ದಾವಣಗೆರೆ
25 ಜನವರಿ 2026

ಚಿರಂಜೀವಿ ಪ್ರಣವನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಕಡಿಮೆಯಾಗಿದೆ, ಮತ್ತೆ ಬೆಳಗಿನ ವಾಕಿಂಗ್ ಶುರುಮಾಡಿದ್ದಾಳೆ. ಗುರುವಾರ ರಾತ್ರಿ ನೀನು ಕಳುಹಿಸಿದ ಸಂದೇಶವನ್ನು ಮೂರು ಸಲ ಓದಿದೆ. ಅದಕ್ಕೆ ಮೊಬೈಲಿನಲ್ಲಿ ಎರಡು ಸಾಲು ಒತ್ತಿ ಕಳುಹಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಭಾನುವಾರ ಬರಲೆಂದು ಕಾದು ಈ ಕಾಗದ ಬರೆಯುತ್ತಿದ್ದೇನೆ.

ನೀನು ಕೇಳಿರುವುದು ಎರಡು. ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ಕಂತಿನಲ್ಲಿ ಪ್ಲೇಸ್ಟೇಷನ್ ಎಂಬ ಆಟದ ಯಂತ್ರ ತೆಗೆಸಿಕೊಡಬೇಕು. ಅದು ಅಮ್ಮನಿಗೆ ತಿಳಿಯಬಾರದು. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ಆಗುವ ಮಾತಲ್ಲ. ಅಕ್ಕನಿಂದ ನಾನು ಇದುವರೆಗೆ ಏನನ್ನೂ ಮುಚ್ಚಿಟ್ಟವನಲ್ಲ, ನಿನಗಾಗಿಯೂ ಮುಚ್ಚಿಡುವುದಿಲ್ಲ. ಅವಳು ಗೇಮ್ ಎಂಬ ಮಾತು ಕೇಳಿದರೆ ಬೆಚ್ಚುವುದಕ್ಕೆ ಕಾರಣವಿದೆ. ಹಣ ಕಟ್ಟಿ ಆಡುವ ಆ್ಯಪ್‌ಗಳಲ್ಲಿ ಸಾಲ ಮಾಡಿಕೊಂಡ ಹುಡುಗರ ಸುದ್ದಿಯನ್ನು ಅವಳು ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ! ಅಂಥ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿಯೇ ನಿಷೇಧಿಸಿತು. ನೀನು ಆಡುವುದು ಆ ಜಾತಿಯದಲ್ಲ ಎಂದು ಅವಳಿಗೆ ಯಾರು ಹೇಳಬೇಕು? ನೀನೇ. ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ಆಟ ತೋರಿಸು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಬೇಡ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡು.

ಇನ್ನು ಪ್ಲೇಸ್ಟೇಷನ್ ವಿಷಯ. ಜಿಟಿಎ 6 ಎಂಬ ಆಟ ಬರುವಷ್ಟರಲ್ಲಿ ಕೈಯಲ್ಲಿ ಕನ್ಸೋಲ್, ಅಂದರೆ ಆ ಯಂತ್ರ, ಇರಬೇಕು ಎಂದು ಬರೆದಿದ್ದೀಯ. ಆ ಆತುರ ನನಗೆ ಅರ್ಥವಾಗುತ್ತದೆ. ಐದನೆಯದು ಬಂದದ್ದು 2013ರ ಸೆಪ್ಟೆಂಬರಿನಲ್ಲಿ, ಆಗ ನಿನಗೆ ಎಂಟು ವರ್ಷ. ಆರನೆಯದರ ಮೊದಲ ಟ್ರೈಲರ್ 2023ರ ಡಿಸೆಂಬರಿನಲ್ಲಿ ಬಂತು. ಅದನ್ನು ಮಾಡುವ ಕಂಪನಿಯವರು 2025ಕ್ಕೆ ಆಟ ಸಿಗುತ್ತದೆ ಎಂದರು. ಆಮೇಲೆ 2026ರ ಮೇ 26 ಎಂದರು. ಈಗ ನವೆಂಬರ್ 19 ಎನ್ನುತ್ತಿದ್ದಾರೆ. ಹದವಾಗಿ ಬೇಯಲಿ ಎಂದು ಅವರು ಸಮಯ ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನೀನು ಲೆಕ್ಕ ಹಾಕು. ಯಂತ್ರಕ್ಕೆ ಸುಮಾರು ಅರ್ಧ ಲಕ್ಷ. ಫೆಬ್ರವರಿಯಿಂದ ಕಂತು ಶುರುವಾದರೆ, ಆಟ ಹೇಳಿದ ದಿನವೇ ಬಂದರೂ ಅಷ್ಟರಲ್ಲಿ ಹತ್ತು ಕಂತು ಕಟ್ಟಿರುತ್ತೀಯ. ಅದರ ಮೇಲೆ ದೊಡ್ಡ ಕಂಪನಿಯ ಹೊಸ ಆಟಕ್ಕೆ ನಾಲ್ಕೈದು ಸಾವಿರ ಬೇರೆ.

ಪಿಸಿಗೆ ಯಾವಾಗ ಬರುತ್ತದೆಂದು ಅವರು ಹೇಳಿಲ್ಲ, ನಿಜ. ಹಿಂದೆ ಏನಾಯಿತು ಎಂಬುದನ್ನು ನೋಡಿದರೆ ದಾರಿ ಕಾಣುತ್ತದೆ. ಜಿಟಿಎ 5 ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ, ಕನ್ಸೋಲಿಗೆ ಬಂದು ಹತ್ತೊಂಬತ್ತು ತಿಂಗಳಾದ ಮೇಲೆ. ಅದೇ ಕಂಪನಿಯ ರೆಡ್ ಡೆಡ್ ರಿಡೆಂಪ್ಷನ್ 2 ಕನ್ಸೋಲಿಗೆ 2018ರ ಅಕ್ಟೋಬರ್‌ನಲ್ಲಿ ಬಂತು, ಪಿಸಿಗೆ 2019ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ನಿನ್ನ ಓದು ಮುಗಿದಿರುತ್ತದೆ, ನಿನ್ನದೇ ಸಂಬಳದಲ್ಲಿ ಕೊಳ್ಳಬಹುದು. ಮೊದಲ ದಿನವೇ ಕೊಂಡವರ ಪಾಡನ್ನೂ ನೆನೆಸಿಕೋ. ಸೈಬರ್‌ಪಂಕ್ 2077 ಹಲವು ಸಲ ಮುಂದಕ್ಕೆ ಹೋಗಿ 2020ರ ಡಿಸೆಂಬರ್ 10ಕ್ಕೆ ಬಂತು. ಹಳೆಯ ಕನ್ಸೋಲುಗಳಲ್ಲಿ ಅದರ ಅವಸ್ಥೆ ಎಷ್ಟು ಕೆಟ್ಟಿತ್ತೆಂದರೆ ಸೋನಿಯವರು ಒಂದೇ ವಾರದಲ್ಲಿ ಅದನ್ನು ತಮ್ಮ ಆನ್‌ಲೈನ್ ಅಂಗಡಿಯಿಂದ ಇಳಿಸಿದರು, ದುಡ್ಡು ವಾಪಸ್ ಕೊಟ್ಟರು. ಅದೇ ಆಟ 2023ರ ಸೆಪ್ಟೆಂಬರಿನ ಅಪ್‌ಡೇಟ್ ಆದ ಮೇಲೆ ಆಡಿದವರಿಗೆ ಅಪ್ಪಟ ಚಿನ್ನ. ಮುಂಗಡ ಹಣ ಕೊಟ್ಟವರು ಹೆಚ್ಚು ಬೆಲೆಗೆ ಅರೆಬೆಂದದ್ದನ್ನು ಉಂಡರು. ಮುಂಗಡ ಬುಕಿಂಗ್ ಎಂಬುದನ್ನು ನೀನು ಯಾವ ಆಟಕ್ಕೂ ಮಾಡಬೇಡ. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಕ್ಕೆ ಸಿಗುತ್ತದೆ ಎಂಬುದನ್ನೂ ನೆನಪಿಡು.

ಹಣದ ಮಾತು ಇಷ್ಟಕ್ಕೆ ಸಾಕು. ಸಂಕ್ರಾಂತಿಯ ದಿನ ನಾನು ಕಂಡದ್ದನ್ನು ಹೇಳದೆ ಹೋದರೆ ಈ ಕಾಗದ ಬರೆದೂ ಬರೆಯದ ಹಾಗೆ.

ಎಳ್ಳು ಬೀರಿ ಬಂದ ಮೇಲೆ ನೀನು ಲ್ಯಾಪ್‌ಟಾಪ್ ತೆರೆದು ನಿನ್ನ ಆಟಗಳನ್ನೆಲ್ಲ ತೋರಿಸಿದೆಯಲ್ಲ, ಒಟ್ಟು ಅರವತ್ಮೂರು ಇದ್ದವು. ಪ್ರತಿಯೊಂದರ ಪಕ್ಕದಲ್ಲಿ ಎಷ್ಟು ಹೊತ್ತು ಆಡಿದ್ದೀಯ ಎಂಬುದೂ ಇತ್ತು. ನಾನು ಸುಮ್ಮನೆ ಎಣಿಸುತ್ತಾ ಹೋದೆ. ನಲವತ್ತೊಂದು ಆಟಗಳಲ್ಲಿ ನೀನು ಪೂರ್ತಿ ಒಂದು ಗಂಟೆಯೂ ಕಳೆದಿರಲಿಲ್ಲ. ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡವು, ಇಪ್ಪತ್ತು ನಿಮಿಷ ನೋಡಿ ಬಿಟ್ಟವು. ಆಮೇಲೆ ನನಗೆ ತೋರಿಸಬೇಕೆಂದೇ ಎಕ್ಸ್‌ಪೆಡಿಷನ್ 33 ಹಾಕಿದೆ. ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಆ ಅರ್ಧ ಗಂಟೆ ಕಣ್ಣಿಗೆ ಕಟ್ಟಿದಂತಿದೆ.

ಆ ಆಟದಲ್ಲಿ ಬರುವ ಊರಿನ ಹೆಸರು ಲುಮಿಯೇರ್. ಕಡಲಿನಾಚೆ ಆಕಾಶಕ್ಕೆ ಎದ್ದು ನಿಂತ ಒಂದು ಕಲ್ಲು. ವರ್ಷಕ್ಕೊಮ್ಮೆ ಒಬ್ಬ ಚಿತ್ರಕಾರ್ತಿ ಎದ್ದು ಅದರ ಮೇಲೊಂದು ಅಂಕಿ ಬರೆಯುತ್ತಾಳೆ, ಹೋದ ವರ್ಷಕ್ಕಿಂತ ಒಂದು ಕಡಿಮೆ. ಆ ಅಂಕಿಯ ವಯಸ್ಸಿನವರೆಲ್ಲ ನಿಂತ ನಿಲುವಿನಲ್ಲೇ ಹೂವಿನ ಎಸಳಾಗಿ ಗಾಳಿಗೆ ಕರಗಿಹೋಗುತ್ತಾರೆ. ಆ ದಿನ ಅವಳು ಬರೆದದ್ದು ಮೂವತ್ಮೂರು. ಬಂದರಿನಲ್ಲಿ ಕಥಾನಾಯಕ ಗುಸ್ತಾವ್ ತಾನು ಪ್ರೀತಿಸಿದ ಸೋಫಿಯ ಎದುರು ನಿಂತಿದ್ದ. ಅವಳು ಅವನ ಕಣ್ಣೆದುರೇ ಕರಗಿದಳು. ನನಗೀಗ ಐವತ್ತೊಂದು, ಪ್ರಣವ. ಆ ಊರಿನಲ್ಲಿ ನನ್ನ ವಯಸ್ಸಿನವರು ಒಬ್ಬರೂ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಸೋದರಮಾವನಿಲ್ಲದ ಊರು, ಅಜ್ಜಿಯರಿಲ್ಲದ ಊರು. ತೊಟ್ಟಿಲು ತೂಗುವ ಕೈಗಳೂ ಮೂವತ್ಮೂರಕ್ಕೆ ಮುಗಿಯುವ ಊರು. ನನ್ನ ಗಂಟಲು ಕಟ್ಟಿತು. ಏನೋ ಹೇಳೋಣವೆಂದು ನಿನ್ನ ಕಡೆ ತಿರುಗಿದೆ. ನೀನು ಮೊಬೈಲಿನಲ್ಲಿ ಬೇರೆ ಯಾವುದೋ ಆಟದ ಟ್ರೈಲರ್ ನೋಡುತ್ತಿದ್ದೆ. ಕಂಟ್ರೋಲರ್ ನಿನ್ನ ತೊಡೆಯ ಮೇಲೆ ಬಿದ್ದಿತ್ತು. "ಇದು ಬರೀ ಕಥೆ ಮಾವ, ಫೈಟ್ ಆಮೇಲೆ ಬರುತ್ತದೆ" ಎಂದೆ.

ಅಂದು ನಾನು ಸುಮ್ಮನಿದ್ದೆ, ಹಬ್ಬದ ದಿನ ಯಾಕೆಂದು. ಈಗ ಹೇಳುತ್ತೇನೆ. ಆ ಆಟವನ್ನು ಮಾಡಿದವರು ಫ್ರಾನ್ಸಿನ ಮಾಂಟ್‌ಪೆಲಿಯೇ ಎಂಬ ಊರಿನ ಸ್ಯಾಂಡ್‌ಫಾಲ್ ಸಂಸ್ಥೆಯವರು. ಮುಖ್ಯ ತಂಡದಲ್ಲಿ ಇದ್ದವರು ಸುಮಾರು ಮೂವತ್ತು ಜನ. ನಿರ್ದೇಶಕ ಗಿಯೋಮ್ ಬ್ರೋಶ್ ಯೂಬಿಸಾಫ್ಟ್ ಎಂಬ ದೊಡ್ಡ ಆಟದ ಕಂಪನಿಯ ಕೆಲಸ ಬಿಟ್ಟು ಬಂದವನು. ಸಂಗೀತ ಕಟ್ಟಿದ ಲೋರಿಯನ್ ಟೆಸ್ಟಾರ್ ತನ್ನ ರಚನೆಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದವನು, ಅಲ್ಲಿಂದಲೇ ಬ್ರೋಶ್ ಅವನನ್ನು ಹುಡುಕಿ ಕರೆತಂದ. ಇವರ ಆಟ 2025ರ ಏಪ್ರಿಲ್‌ನಲ್ಲಿ ಬಂತು, ಡಿಸೆಂಬರಿನಲ್ಲಿ ವರ್ಷದ ಆಟವೆಂಬ ಪ್ರಶಸ್ತಿಯೂ ಸೇರಿ ದಿ ಗೇಮ್ ಅವಾರ್ಡ್ಸ್‌ನಲ್ಲಿ ಒಂಬತ್ತು ಪ್ರಶಸ್ತಿ ಗೆದ್ದಿತು. ಆ ಬಂದರಿನ ವಿದಾಯ ಮನಸ್ಸಿಗೆ ನಾಟದವನಿಗೆ ಮುಂದೆ ಗುಸ್ತಾವ್ ಯಾಕೆ ಹಡಗು ಹತ್ತುತ್ತಾನೆ ಎಂಬುದೇ ತಿಳಿಯುವುದಿಲ್ಲ. ಫೈಟ್ ಮಾತ್ರ ಉಳಿಯುತ್ತದೆ.

ನಾನು ಮೊದಲು ಆಡಿದ ಆಟದ ಬಗ್ಗೆ ನಿನಗೆ ಎಂದೂ ಹೇಳಿಲ್ಲ. 1993ರಲ್ಲಿ ಇಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದೆ. ಪಾಠ ಮುಗಿದ ಮೇಲೆ ಒಂದು ಗಂಟೆ ಯಂತ್ರ ಬಿಟ್ಟುಕೊಡುತ್ತಿದ್ದರು. ಪರದೆ ಕಪ್ಪು-ಬಿಳುಪು. ಅಲ್ಲಿ ಇದ್ದದ್ದು ಪ್ರಿನ್ಸ್ ಆಫ್ ಪರ್ಷಿಯಾ ಒಂದೇ. ಅರವತ್ತು ನಿಮಿಷದೊಳಗೆ ಹನ್ನೆರಡು ಹಂತ ದಾಟಿ ರಾಜಕುಮಾರಿಯನ್ನು ಬಿಡಿಸಬೇಕು. ಎರಡು ವರ್ಷ ಅದೊಂದನ್ನೇ ಆಡಿದೆ. ಯಾವ ಹಾಸುಗಲ್ಲು ಸಡಿಲ ಎಂದು ತಿಳಿಯಬೇಕಾದರೆ ಇದ್ದಲ್ಲೇ ಒಮ್ಮೆ ಹಾರಬೇಕು, ಸಡಿಲವಾದದ್ದು ನಡುಗುತ್ತದೆ. ನೆಲದಿಂದ ಏಳುವ ಮುಳ್ಳುಗಳ ನಡುವೆ ಓಡಿದರೆ ಸಾವು, ಒಂದೊಂದೇ ಹೆಜ್ಜೆ ಇಟ್ಟರೆ ದಾರಿ. ನಡುವೆ ಒಂದು ಕನ್ನಡಿಯೊಳಗಿಂದ ನಮ್ಮದೇ ನೆರಳು ಹೊರಬಂದು ಓಡಿಹೋಗುತ್ತದೆ. ಕೊನೆಯ ಹಂತದಲ್ಲಿ ಅದೇ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಏಟು ಕೊಟ್ಟರೆ ನಮ್ಮ ಪ್ರಾಣವೇ ಇಳಿಯುತ್ತದೆ. ಕೊಂದರೆ ನಾವೂ ಸಾಯುತ್ತೇವೆ. ನಾಲ್ಕು ತಿಂಗಳು ಅಲ್ಲೇ ಸಿಕ್ಕಿಬಿದ್ದಿದ್ದೆ. ಕೇಳಲು ಯಾರೂ ಇರಲಿಲ್ಲ. ರಾತ್ರಿ ಮಲಗಿದಾಗಲೂ ಅದೇ ಯೋಚನೆ. ಒಂದು ಸಂಜೆ ಕತ್ತಿಯನ್ನು ಕೆಳಗಿಳಿಸಿ ನೋಡೋಣ ಎನ್ನಿಸಿತು. ಇಳಿಸಿದೆ. ನೆರಳೂ ಕತ್ತಿ ಇಳಿಸಿತು. ನಡೆದುಹೋದೆ, ಎರಡೂ ಒಂದಾದವು. ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ, ಎದ್ದು ನಿಂತು ಕೂಗಿದ್ದೆ. ಈಗ ಅದನ್ನು ಹತ್ತು ಸೆಕೆಂಡಿನ ವೀಡಿಯೊ ಹೇಳಿಕೊಡುತ್ತದೆ. ನನಗೆ ಸಿಕ್ಕಿದ್ದು ನಿನಗೂ ಸಿಗಲಿ ಎಂಬುದೇ ನನ್ನ ಆಸೆ.

ಅದು ನಿನಗೆ ಸಿಗುವ ಜಾಗವನ್ನೂ ನಾನು ತೋರಿಸಬಲ್ಲೆ. ನಿನ್ನ ಪಟ್ಟಿಯಲ್ಲಿ ಸಿಲ್ಕ್‌ಸಾಂಗ್ ಎಂಬ ಆಟ ಇದೆ, ಹದಿನಾರು ಗಂಟೆ ಆಡಿ ಬಿಟ್ಟಿದ್ದೀಯ. ಲಾಸ್ಟ್ ಜಡ್ಜ್ ಎಂಬ ದೊಡ್ಡ ಎದುರಾಳಿಯ ಹತ್ತಿರ ನಿಂತಿದ್ದೀಯ ಎಂದು ನೀನೇ ಹೇಳಿದೆ. ಅದನ್ನು ಮಾಡಿದ ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿಯಲ್ಲಿ ಇರುವವರು ಬೆರಳೆಣಿಕೆಯ ಜನ. ತಮ್ಮ ಹಿಂದಿನ ಆಟ ಹಾಲೋ ನೈಟ್‌ಗೆ ಒಂದು ಸೇರ್ಪಡೆ ಎಂದು ಶುರುಮಾಡಿದ್ದು ಬೆಳೆದು ಬೇರೆಯೇ ಆಟವಾಯಿತು. 2019ರ ಫೆಬ್ರವರಿಯಲ್ಲಿ ಘೋಷಿಸಿ 2025ರ ಸೆಪ್ಟೆಂಬರ್ 4ಕ್ಕೆ ಬಿಟ್ಟರು. ಅಷ್ಟು ವರ್ಷ ಕಾದ ಜನ ಒಟ್ಟಿಗೆ ನುಗ್ಗಿದ್ದಕ್ಕೆ ಸ್ಟೀಮ್ ಸೇರಿ ಹಲವು ಆನ್‌ಲೈನ್ ಅಂಗಡಿಗಳು ಸ್ವಲ್ಪ ಹೊತ್ತು ಕುಸಿದವು. ಇಷ್ಟಾಗಿ ಬೆಲೆ ಇಟ್ಟದ್ದು ಬರೀ ಇಪ್ಪತ್ತು ಡಾಲರ್. ನೀನೂ ಮೂರು ವರ್ಷ ಅದಕ್ಕಾಗಿ ಕಾದವನು. ಬಂದ ಮೇಲೆ ಹನ್ನೊಂದು ದಿನಕ್ಕೆ ಬಿಟ್ಟೆಯಲ್ಲ, ಅದೇ ನನಗೆ ನೋವು.

ನಾನು ಲಾಸ್ಟ್ ಜಡ್ಜನ್ನು ಗೆದ್ದದ್ದು ಹತ್ತೊಂಬತ್ತನೆಯ ಸಲ. ಸತ್ತ ಮೇಲೆ ಮತ್ತೆ ಶುರುಮಾಡುವ ಬೆಂಚಿನಿಂದ ಅವನ ಬಾಗಿಲವರೆಗಿನ ದಾರಿಯೇ ಅರ್ಧ ಜೀವ ಹಿಂಡುತ್ತದೆ, ಒಪ್ಪುತ್ತೇನೆ. ಆದರೆ ನೀನು ಆಡುವುದನ್ನು ನೋಡಿದ್ದೇನೆ, ತಪ್ಪು ಎಲ್ಲಿದೆ ಎಂದು ಹೇಳಬಲ್ಲೆ. ಏಟು ಬಿದ್ದ ಕೂಡಲೇ ಗಾಯ ಕಟ್ಟಿಕೊಳ್ಳಲು ಹೋಗುತ್ತೀಯ, ಅಷ್ಟರಲ್ಲಿ ಅವನು ಸರಪಳಿಯ ಧೂಪದ ಬೆಂಕಿ ಮತ್ತೆ ಬೀಸುತ್ತಾನೆ. ಆಟದ ನಾಯಕಿ ಹಾರ್ನೆಟ್ ಗಾಳಿಯಲ್ಲಿದ್ದಾಗಲೂ ಗಾಯ ಕಟ್ಟಿಕೊಳ್ಳಬಲ್ಲಳು. ಅವನ ಬೀಸು ಮುಗಿಯುವವರೆಗೆ ತಾಳು, ದೂರ ಹಾರು, ಮೇಲೆ ಇದ್ದಾಗ ಕಟ್ಟಿಕೋ. ಹಾಲೋ ನೈಟ್ ಆಡಿದ ಕೈ ನಿನ್ನದು, ಆದ್ದರಿಂದ ಕೆಳಗೆ ಹೊಡೆಯುವಾಗ ನೇರ ಬೀಳುತ್ತಾಳೆಂದು ಲೆಕ್ಕ ಹಾಕುತ್ತೀಯ. ಇವಳು ಓರೆಯಾಗಿ ಎರಗುತ್ತಾಳೆ. ಒಂದು ಹೆಜ್ಜೆ ಹಿಂದಿನಿಂದ ಹಾರು. ಸತ್ತ ಮೇಲೂ ಅವನು ಸಿಡಿಯುತ್ತಾನೆ, ಹತ್ತಿರ ನಿಲ್ಲಬೇಡ. ಇಷ್ಟು ಬಿಟ್ಟರೆ ಇನ್ನೇನೂ ಹೇಳುವುದಿಲ್ಲ. ಬಾಗಿಲಿನಾಚೆ ಏನಿದೆ ಎಂಬುದನ್ನು ನೀನೇ ನೋಡಬೇಕು.

ನೀನು ಕೊಳ್ಳಬೇಕೆಂದುಕೊಂಡ ಉಳಿದ ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಡೀಸ್ 2 ಒಳ್ಳೆಯದು, ಒಂದು ಸಲದ ಆಟ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಪರೀಕ್ಷೆ ಮುಗಿದ ಮೇಲೆ ತೆಗೆದುಕೋ. ಕಿಂಗ್‌ಡಮ್ ಕಮ್ ಡೆಲಿವರೆನ್ಸ್ 2 ಸದ್ಯ ಬೇಡ. 1403ರ ಬೊಹೀಮಿಯಾದಲ್ಲಿ ಕುದುರೆ ಏರಿ ಅಲೆಯುವ ಆಟ ಅದು, ನೂರು ಗಂಟೆ ಕೇಳುತ್ತದೆ. ಬೇಸಿಗೆ ರಜೆಯವರೆಗೆ ಅದರ ಹೆಸರೆತ್ತಬೇಡ. ಎಕ್ಸ್‌ಪೆಡಿಷನ್ 33ನ್ನು ಮಾತ್ರ ಮೊದಲಿನಿಂದ ಶುರುಮಾಡು, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು. ಸಿಲ್ಕ್‌ಸಾಂಗ್ ಮುಗಿದ ಮೇಲೆ, ಅದಕ್ಕೆ ಮೊದಲಲ್ಲ. ಅವೆರಡು ಮುಗಿಯುವವರೆಗೆ ಹೊಸದೊಂದನ್ನೂ ಕೊಳ್ಳುವುದಿಲ್ಲ ಎಂದು ನನಗೆ ಮಾತು ಕೊಡು. ಆ ಮಾತು ಉಳಿಸಿಕೊಂಡರೆ ನವೆಂಬರಿನಲ್ಲಿ ಪ್ಲೇಸ್ಟೇಷನ್ ವಿಷಯವನ್ನು ಅಮ್ಮನ ಮುಂದೆ ನಾನೇ ಎತ್ತುತ್ತೇನೆ.

ಒಂದಕ್ಕೆ ಮಾತ್ರ ವಿನಾಯಿತಿ, ಅದನ್ನು ನಾನೇ ಕೊಡಿಸುತ್ತಿದ್ದೇನೆ. ಸ್ಪ್ಲಿಟ್ ಫಿಕ್ಷನ್. ಸ್ಟಾಕ್‌ಹೋಮ್‌ನ ಹೇಜ್‌ಲೈಟ್‌ನವರದು, 2025ರ ಮಾರ್ಚ್‌ನಲ್ಲಿ ಬಂದದ್ದು. ಅದನ್ನು ಒಬ್ಬರೇ ಆಡಲು ಬರುವುದೇ ಇಲ್ಲ, ಇಬ್ಬರು ಬೇಕೇ ಬೇಕು. ಇಬ್ಬರು ಬರಹಗಾರ್ತಿಯರ ಕಥೆ. ಒಬ್ಬಳು ಬಾಹ್ಯಾಕಾಶದ ಕಥೆ ಬರೆಯುವವಳು, ಇನ್ನೊಬ್ಬಳು ಮಾಯಾಲೋಕದ್ದು. ಅವರ ಕಲ್ಪನೆಗಳನ್ನು ಕದಿಯುವ ಯಂತ್ರದೊಳಗೆ ಸಿಕ್ಕಿಕೊಂಡು ಒಬ್ಬಳ ಕಥೆಯೊಳಗೆ ಇನ್ನೊಬ್ಬಳು ನಡೆಯಬೇಕಾಗುತ್ತದೆ. ಒಬ್ಬರು ಕೊಂಡರೆ ಸಾಕು, ದೂರದಲ್ಲಿರುವ ಇನ್ನೊಬ್ಬರು ಫ್ರೆಂಡ್ಸ್ ಪಾಸ್ ಇಳಿಸಿಕೊಂಡು ಉಚಿತವಾಗಿ ಜೊತೆಗೂಡಬಹುದು. ನೀನು ಮೈಸೂರಿನಿಂದ, ನಾನು ದಾವಣಗೆರೆಯಿಂದ, ವಾರಕ್ಕೊಂದು ಸಂಜೆ.

ಮೊದಲ ಸಂಜೆ ಮಾತ್ರ ಒಂದೇ ಪರದೆಯ ಮುಂದೆ ಕೂರೋಣ. ಫೆಬ್ರವರಿ 7ರ ಶನಿವಾರ ಮೈಸೂರಿಗೆ ಬರುತ್ತೇನೆ, ಅಕ್ಕನಿಗೂ ಫೋನ್ ಮಾಡಿ ಹೇಳಿದ್ದೇನೆ. ನಿನ್ನ ಎರಡನೆಯ ಕಂಟ್ರೋಲರಿನ ಎಡಗಡೆಯ ಕಡ್ಡಿ ತನ್ನಷ್ಟಕ್ಕೇ ವಾಲುತ್ತದೆ ಎಂದಿದ್ದೆಯಲ್ಲ, ಅದನ್ನು ಬಿಚ್ಚಬೇಡ, ಹಾಗೆಯೇ ಇಟ್ಟಿರು. ನಾನು ಬರುವಾಗ ಸಣ್ಣ ಸ್ಕ್ರೂಡ್ರೈವರ್ ಡಬ್ಬಿ ತರುತ್ತೇನೆ.

ಭಾವನಿಗೆ ನಮಸ್ಕಾರ, ನಿನ್ನ ತಂಗಿಗೆ ಆಶೀರ್ವಾದ.

ಇಂತು ನಿನ್ನ ಹಿತವನ್ನೇ ಬಯಸುವ
ಸೋದರಮಾವ